ಹಿಂದಿನ ಸೀಟಿನ ಪುಟ್ಟತಾಯಮ್ಮ

ಪುಟ್ಟತಾಯಮ್ಮ ನಕ್ಕರೆ ಒಂದೇ ಕಣ್ಣು ಮುಚ್ಚುತ್ತಿತ್ತು. ಬಲಗಣ್ಣು ಸುಕ್ಕುಗಳ ಒಳಗೆ ಸೇರಿ ಕಾಣದಂತಾದರೂ ಎಡಗಣ್ಣು ಮಾತ್ರ ಅರ್ಧ ತೆರೆದುಕೊಂಡು ಎದುರಿಗಿದ್ದವನನ್ನು ನೋಡುತ್ತಲೇ ಇರುತ್ತಿತ್ತು. ಗೊತ್ತಿಲ್ಲದವರು, ಈ ಹೆಂಗಸು ನಮ್ಮನ್ನು ಗೇಲಿ ಮಾಡುತ್ತಿದೆ ಅಂದುಕೊಳ್ಳುತ್ತಿದ್ದರು. ಗೊತ್ತಿದ್ದ ನನಗೂ ಹಾಗೇ ಅನ್ನಿಸುತ್ತಿತ್ತು. ಯಾಕೆಂದರೆ ಮುಕ್ಕಾಲು ಪಾಲು ಅವರು ಗೇಲಿಯನ್ನೇ ಮಾಡುತ್ತಿದ್ದರು.

ನಾನು ನಂಜನಗೂಡಿನಲ್ಲಿ, ಊಟಿ ರಸ್ತೆಯ ಮಗ್ಗುಲಿಗೆ, ಬೈಕಿನ ಸಾಮಾನುಗಳ ಅಂಗಡಿ ಇಟ್ಟುಕೊಂಡಿದ್ದೇನೆ. ಹೆಲ್ಮೆಟ್ಟು, ಗ್ಲೌಸು, ಬ್ಯಾಗು ಕಟ್ಟುವ ಕ್ಯಾರಿಯರ್, ಮೊಬೈಲ್ ಸಿಕ್ಕಿಸುವ ಹೋಲ್ಡರ್, ದೂರ ಹೋಗುವವರಿಗೆ ಎದುರುಗಾಳಿ ತಡೆಯುವ ವಿಂಡ್‌ಶೀಲ್ಡ್, ಎಲ್ಲ ಇದೆ. ಶನಿವಾರ ಬೆಳಿಗ್ಗೆ ಬೆಂಗಳೂರಿನ ಹುಡುಗರು ಗುಂಪು ಗುಂಪಾಗಿ ಬಂದು ನಿಲ್ಲಿಸುತ್ತಾರೆ. ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನೆಲ್ಲ ನನಗೆ ಪಾಠ ಮಾಡಿ, ಏನೂ ಕೊಳ್ಳದೆ, ಬಾತ್‌ರೂಮ್ ಎಲ್ಲಿದೆ ಅಣ್ಣ ಅಂತ ಕೇಳಿ ಹೋಗುತ್ತಾರೆ. ನಿಂತು ನಿಂತು ನನ್ನ ಮಂಡಿಯೂ ಹೋಗಿದೆ, ತಾಳ್ಮೆಯೂ ಹೋಗಿದೆ. ವಿಂಡ್‌ಶೀಲ್ಡ್ ಅಂದರೆ ಈಗಲೂ ಮೈ ಉರಿಯುತ್ತದೆ. ಅದಕ್ಕೆ ಬೆಂಗಳೂರಿನವರು ಕಾರಣ ಅಲ್ಲ. ಹದಿನಾರು ಅನ್ನುವ ಊರಿನ ಈ ಪುಟ್ಟತಾಯಮ್ಮ ಕಾರಣ. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ಮೊದಲ ಸಲ ಅವರು ಬಂದದ್ದು ಗಂಡ ಮಾದೇಗೌಡರ ಬುಲೆಟ್ಟಿನ ಹಿಂದೆ ಕೂತು. ಗೌಡರು ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಗಾಡಿಯನ್ನು ಬಸ್ಸಿನ ಹಾಗೆಯೇ ರಸ್ತೆಯಂಚಿಗೆ ತಂದು, ಕನ್ನಡಿಯಲ್ಲಿ ಹಿಂದೆ ನೋಡಿ, ಹೆಂಡತಿ ಇಳಿದದ್ದು ಖಾತ್ರಿಯಾದ ಮೇಲೆಯೇ ತಾವು ಇಳಿದರು. ಮನುಷ್ಯ ಮಾತಿನಲ್ಲಿ ಜುಗ್ಗ. ಮಾತೆಲ್ಲ ಹಿಂದಿನ ಸೀಟಿನದು.

"ಏನಪ್ಪಾ, ಗಾಳಿ ನಿಲ್ಸೋ ಗ್ಲಾಸು ಮಾರ್ತೀಯಂತೆ?"

"ಮಾರ್ತೀನಿ ಅವ್ವ. ಗೌಡ್ರಿಗಾ?"

"ಅವ್ರಿಗ್ಯಾಕೆ? ನಂಗೆ."

"ಗ್ಲಾಸು ಮುಂದಿರುತ್ತೆ, ನೀವು ಹಿಂದೆ ಕೂತ್ಕೋತೀರಲ್ಲ ಅವ್ವ."

"ಗಾಳಿ ಇಂದ್ಕೂ ಬತ್ತದಲ್ಲಪ್ಪ. ಅದೇನು ಮುಂದ್ಲ ಸೀಟ್‌ಗೇ ಟಿಕೀಟು ಅರ್ಸಿ ಅಲ್ಲೇ ಇಳ್ದೋದದಾ?"

ಆವತ್ತೇ ನನಗೆ ಗೊತ್ತಾಗಬೇಕಿತ್ತು, ಇದು ಬೇಗ ಮುಗಿಯುವ ವ್ಯಾಪಾರ ಅಲ್ಲ ಅಂತ.

ಅವರ ಕಣ್ಣಿನ ಕಥೆ ಇಷ್ಟು. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿದರೆ ನೀರು ಒಂದು ಮೂಲೆಯಿಂದ ಸೋರಿಹೋಯಿತಂತೆ. ಮುಖದ ಎಡಭಾಗಕ್ಕೆ ಲಕ್ವ ಹೊಡೆದಿತ್ತು. ಔಷಧಿ, ಮಾಲೀಸು, ಹರಕೆ ಎಲ್ಲ ಆಗಿ ಬಾಯಿ ಸರಿಹೋಯಿತು. ರೆಪ್ಪೆ ಮಾತ್ರ ಪೂರ್ತಿ ಮುಚ್ಚದೆ ಉಳಿದುಬಿಟ್ಟಿತು. ರಾತ್ರಿ ಮಲಗುವಾಗ ಬಟ್ಟೆ ಕಟ್ಟಿಕೊಳ್ಳಬೇಕು, ಹಗಲು ಹನಿ ಹಾಕಿಕೊಳ್ಳುತ್ತಿರಬೇಕು. ಕಣ್ಣು ಒಣಗಬಾರದು, ಧೂಳು ಬೀಳಬಾರದು, ಗಾಳಿ ಹೊಡೆಯಬಾರದು, ಹುಣ್ಣಾದರೆ ದೃಷ್ಟಿ ಹೋಗುತ್ತದೆ ಅಂತ ಮೈಸೂರಿನ ಡಾಕ್ಟರು ಗದರಿಸಿ ಕಳಿಸಿದ್ದರು.

ಹಾಗಾದರೆ ಬಸ್ಸಿನಲ್ಲಿ ಓಡಾಡಿದರಾಯಿತಲ್ಲ ಅಂತ ನಾನೂ ಕೇಳಿದೆ. ಅಯ್ಯೋ, ಅದೇ ಇನ್ನೊಂದು ರಾಮಾಯಣ. ಪುಟ್ಟತಾಯಮ್ಮನಿಗೆ ಬಸ್ಸು ಆಗದು. ಹತ್ತಿ ಕೂತರೆ ಹೊಟ್ಟೆ ತೊಳಸಿ ವಾಂತಿ. ಕಾರೂ ಅಷ್ಟೇ, ಆಟೋವೂ ಅಷ್ಟೇ. ಮದುವೆಯಾದ ಹೊಸತರಲ್ಲಿ ಗೌಡರು ಹೆಮ್ಮೆಯಿಂದ ತಮ್ಮದೇ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಅವರ ತವರೂರು ಸೋಸಲೆಗೆ ಕರೆದುಕೊಂಡು ಹೊರಟಿದ್ದರಂತೆ. ತಿ. ನರಸೀಪುರ ಮುಟ್ಟುವುದರೊಳಗೆ ಬಸ್ಸು ತೊಳೆಯುವ ಹಾಗಾಯಿತು. ತೊಳೆದವರೂ ಗೌಡರೇ. ಅದಾದ ಮೇಲೆ ತವರಿಗೆ ಹೋಗುವುದು ಸೈಕಲ್ಲಿನ ಕ್ಯಾರಿಯರ್ ಮೇಲೆ, ಆಮೇಲೆ ಮೊಪೆಡ್ಡಿನಲ್ಲಿ, ಆಮೇಲೆ ಈ ಬುಲೆಟ್ಟಿನಲ್ಲಿ. ಮುಖಕ್ಕೆ ಗಾಳಿ ತಗಲುತ್ತಿದ್ದರೆ ವಾಂತಿ ಬರದು. ಆದರೆ ಅದೇ ಗಾಳಿ ಕಣ್ಣಿಗೆ ಆಗದು. ದೇವರು ಯಾವುದೋ ಬೇಜಾರಿನಲ್ಲಿ ಕೂತು ಮಾಡಿದ ಲೆಕ್ಕಾಚಾರ ಇದು.

"ಇಡೀ ತಾಲ್ಲೂಕನ್ನೇ ಕೂರುಸ್ಕಂಡು ಸುತ್ತಿದ ಗಂಡ, ಕಟ್ಕಂಡೋಳ್ನ ಮಾತ್ರ ಕೂರುಸ್ಕಳಕ್ಕಾಗ್ನಿಲ್ಲ," ಅಂತ ಅವರು ಹೇಳಿದರೆ ಗೌಡರು ನನ್ನ ಗೋಡೆಯ ಮೇಲಿನ ಟೈರ್ ಕ್ಯಾಲೆಂಡರನ್ನು ಓದುತ್ತಾ ನಿಂತುಬಿಡುತ್ತಿದ್ದರು.

ಇಷ್ಟೆಲ್ಲ ಇದ್ದರೂ ಅವರು ಸುಮ್ಮನಿರುತ್ತಿದ್ದರೋ ಏನೋ. ಆದರೆ ಊರಿನ ಮಹಿಳಾ ಸಂಘದವರು ಬಸ್ಸು ಮಾಡಿಕೊಂಡು ರಾಮೇಶ್ವರಕ್ಕೆ ಹೋದರು. ಪುಟ್ಟತಾಯಮ್ಮ ಆ ಸಂಘದ ಹಳೆಯ ಸದಸ್ಯೆ. ಅವರನ್ನು ಬಿಟ್ಟು ಹೋಗಬೇಕಾಯಿತಲ್ಲ ಅಂತ ಪಾಪ ಉಳಿದವರಿಗೂ ಬೇಜಾರು. ವಾಪಸ್ ಬರುವಾಗ ಒಂದು ಶಂಖದ ಮೇಲೆ ಅವರ ಹೆಸರು ಬರೆಸಿ ತಂದುಕೊಟ್ಟರು. ಪ್ರೀತಿಯಿಂದಲೇ ತಂದದ್ದು. ಪುಟ್ಟತಾಯಮ್ಮನಿಗೆ ಮಾತ್ರ ಅದು ಸಿಟ್ಟು ತರಿಸಿತು.

"ನೋಡಪ್ಪ, ನಾನು ಇಲ್ಲೇ ಸೆಗಣಿ ಬಾಚ್ತಾ ಇವ್ನಿ. ನನ್ನ ಎಸ್ರು ಮಾತ್ರ ಸಮುದ್ರಕ್ಕೋಗಿ ಬಂದದೆ," ಅಂದರು. "ನಾನೂ ಓಗ್ಬೇಕು. ಕಣ್ಣೂ ಉಳೀಬೇಕು. ಅಂತಾ ಗ್ಲಾಸು ಕೊಡು."

ಕೇಳುವುದಕ್ಕೆ ಎಷ್ಟು ಸುಲಭ! ವಿಂಡ್‌ಶೀಲ್ಡ್ ಅನ್ನುವುದು ಚಪ್ಪಲಿ ಅಲ್ಲ, ನಂಬರ್ ನೋಡಿ ಕೊಟ್ಟು ಕಳಿಸುವುದಕ್ಕೆ. ಗಿಡ್ಡದು ಹಾಕಿದರೆ ಗಾಳಿ ಓಡಿಸುವವನ ಎದೆಗೆ ಹೊಡೆಯುತ್ತದೆ. ಎತ್ತರದ್ದು ಹಾಕಿದರೆ ಗಾಳಿ ಗಾಜಿನ ಮೇಲೇರಿ, ತುದಿ ದಾಟಿದ ಮೇಲೆ ಸುರುಳಿಯಾಗಿ ಕೆಳಗೆ ಬಿದ್ದು, ಹೆಲ್ಮೆಟ್ಟನ್ನು ಹಿಡಿದು ಅಲ್ಲಾಡಿಸುತ್ತದೆ. ಓಡಿಸುವವನ ಎತ್ತರ, ಸೀಟಿನ ಎತ್ತರ, ಹೋಗುವ ವೇಗ ಎಲ್ಲ ಸೇರಿ ತೀರ್ಮಾನವಾಗಬೇಕು. ಅದರ ಮೇಲೆ ಹಿಂದೆ ಕೂತವರ ಕಣ್ಣಿಗೆ ಅಳತೆ ಕೊಡು ಅಂದರೆ ನಾನೆಲ್ಲಿಗೆ ಹೋಗಲಿ? ಮುಖ ಮುಚ್ಚುವ ಹೆಲ್ಮೆಟ್ಟು ಹಾಕಿಸಿ ನೋಡಿದೆ. ಉಸಿರು ಕಟ್ಟುತ್ತದೆ, ಬಸ್ಸೊಳಗೆ ತಲೆ ಇಟ್ಟ ಹಾಗಾಗುತ್ತದೆ ಅಂತ ಅಂಗಡಿ ಮುಂದೆಯೇ ಓಕರಿಸಿದರು. ಅರ್ಧ ಹೆಲ್ಮೆಟ್ಟಿಗೆ ಮುಂದೆ ಪರದೆ ಇದ್ದದ್ದು ಹಾಕಿಸಿದೆ. ಗಾಳಿ ಗದ್ದದ ಕೆಳಗಿನಿಂದ ನುಗ್ಗಿ ನೇರ ಕಣ್ಣಿಗೇ ಬಂತು. ಕನ್ನಡಕಕ್ಕೆ ಪಕ್ಕದಿಂದ ಗಾಳಿ ಬಂತು, ಬಿಗಿಯಾದ ಗಾಗಲ್ಲಿಗೂ ಉಸಿರು ಕಟ್ಟುತ್ತದೆ ಅಂದರು. ಕೊನೆಗೆ ಉಳಿದದ್ದು ವಿಂಡ್‌ಶೀಲ್ಡೇ.

ಒಂದೊಂದನ್ನೂ ಬುಲೆಟ್ಟಿಗೆ ಕಟ್ಟಿಕೊಡುವುದು, ಅವರು ಗಂಡಹೆಂಡತಿ ತಿ. ನರಸೀಪುರದವರೆಗೆ ಹೋಗಿ ಬರುವುದು, ಬಂದು ಬೇಡ ಅನ್ನುವುದು. ಇದೇ ಆಯಿತು. ಅವರ ಪರೀಕ್ಷೆಯ ಕ್ರಮ ಕೇಳಿದರೆ ನೀವು ನಂಬುವುದಿಲ್ಲ. ಹೋಗುವಾಗ ತುರುಬಿಗೆ ಒಂದು ಮೊಳ ಕಾಕಡ ಹೂವು ಮುಡಿದು ಹೋಗುವರು. ಬಂದವರೇ ಹೆಲ್ಮೆಟ್ಟು ತೆಗೆದು, ನನ್ನ ಕಡೆ ಬೆನ್ನು ತಿರುಗಿಸಿ ನಿಲ್ಲುವರು.

"ನೋಡು, ಎಷ್ಟು ಉಳ್ಕಂಡವೆ?"

"ನಾರು ಉಳಿದಿದೆ ಅವ್ವ."

"ನೋಡ್ದಾ? ನಿನ್ನ ಗ್ಲಾಸು ಊವನ್ನೇ ಉಳ್ಸಾಕಿಲ್ಲ, ಇನ್ನು ಕಣ್ಣು ಉಳ್ಸದಾ?"

ಹೂವಿನ ಅಂಗಡಿಯವಳಿಗೆ ಆ ದಿನಗಳಲ್ಲಿ ಒಳ್ಳೆ ವ್ಯಾಪಾರ. ನನಗೆ ನಟ್ಟು ಬಿಚ್ಚಿ ಕಟ್ಟುವ ಕೆಲಸ. ಎತ್ತರದ್ದು, ಗಿಡ್ಡದ್ದು, ಅಗಲದ್ದು, ತುದಿ ಬಾಗಿದ್ದು, ಹೊಗೆ ಬಣ್ಣದ್ದು, ಬಿಳಿಯದು ಎಲ್ಲ ಹೋಗಿ ಬಂದವು. ಒಂದಕ್ಕೂ ಆಕೆ ಒಪ್ಪಲಿಲ್ಲ. ಒಂದು ದಿನ ರೇಗಿ, "ನಿಮ್ಮ ತಲೆಗೆ ತಕ್ಕ ಗ್ಲಾಸು ಇನ್ನೂ ಹುಟ್ಟಿಲ್ಲ, ನನ್ನ ಜೀವ ತಿನ್ನಬೇಡಿ," ಅಂದೇಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, "ಬಯ್ಯಿ, ಬಯ್ಯಿ. ಬಯ್ದ್ ಮ್ಯಾಕೆ ಇನ್ನೊಂದ್ ಕಟ್ಟು," ಅಂದರು.

ಆ ಸ್ಟೂಲಿನ ಮೇಲೆ ಕೂತು ನನ್ನ ಗಿರಾಕಿಗಳನ್ನು ಓಡಿಸುವುದೂ ನಡೆಯುತ್ತಿತ್ತು. ಒಂದು ಶನಿವಾರ ಹೊಸ ದೊಡ್ಡ ಬೈಕಿನ ಹುಡುಗನೊಬ್ಬ ಬಂದು, ಲಡಾಖಿಗೆ ಹೊರಟಿದ್ದೇನೆ, ಎತ್ತರದ ವಿಂಡ್‌ಶೀಲ್ಡ್ ಬೇಕು ಅಂದ. ಅಪರೂಪಕ್ಕೆ ವ್ಯಾಪಾರ ಕುದುರಿತಲ್ಲ ಅಂತ ನಾನು ಸ್ಪ್ಯಾನರ್ ಕೈಗೆತ್ತಿಕೊಂಡೆ. ಪುಟ್ಟತಾಯಮ್ಮ ಬಾಯಿ ಹಾಕಿದರು.

"ಇಂದೆ ಯಾರು ಕೂತ್ಕತಾರಪ್ಪ?"

"ಯಾರೂ ಇಲ್ಲ ಆಂಟಿ, ಒಬ್ನೇ ಹೋಗೋದು."

"ಅಷ್ಟು ದೂರ ಒಬ್ನೇನಾ? ಅಲ್ಲೋಗಿ 'ಅಗೋ ಅಲ್ನೋಡು' ಅಂತ ಯಾರ್‌ಗ್ ತೋರುಸ್ತೀಯ?"

ಹುಡುಗ ನಕ್ಕ. ಆದರೆ ನಗು ಅರ್ಧಕ್ಕೇ ನಿಂತಿತು. ಯೋಚನೆ ಮಾಡಿ ಬರ್ತೀನಿ ಅಣ್ಣ ಅಂದವನು ಹೋಗಿಯೇಬಿಟ್ಟ. ನಾನು ಸ್ಪ್ಯಾನರನ್ನು ಮೇಜಿನ ಮೇಲೆ ಎಸೆದೆ. "ಓಗ್ಲಿ ಬುಡು," ಅಂದರು ಪುಟ್ಟತಾಯಮ್ಮ, "ಆ ಮಗೀಗೆ ಬೇಕಾಗಿರೋದು ಗ್ಲಾಸಲ್ಲ." ನನ್ನ ಅಂಗಡಿ ಬಾಡಿಗೆಗೆ ಬೇಕಾಗಿರುವುದು ಗ್ಲಾಸೇ ಅಂತ ಅವರಿಗೆ ಹೇಗೆ ಹೇಳುವುದು?

ಆಮೇಲೆ ಹೆದರಿಕೆಯ ಒಂದು ವಾರ ಬಂತು. ಒಂದು ಗಾಜನ್ನು ಪರೀಕ್ಷೆ ಮಾಡಲು ಹೋದ ದಿನ ಕಬ್ಬಿನ ಲಾರಿಯ ಹಿಂದೆ ಸಿಕ್ಕಿಕೊಂಡು, ತರಗು ಧೂಳು ಎಲ್ಲ ಮುಖಕ್ಕೆ ಹೊಡೆದು, ಎಡಗಣ್ಣು ಕೆಂಡದ ಹಾಗಾಯಿತು. ರಾತ್ರಿಯೆಲ್ಲ ನೋವು. ಬೆಳಿಗ್ಗೆ ಮೈಸೂರಿಗೆ ಕರೆದುಕೊಂಡು ಹೋದರೆ, ಕರಿಗುಡ್ಡೆಯ ಮೇಲೆ ಹುಣ್ಣು ಶುರುವಾಗಿದೆ ಅಂದರಂತೆ. ಸದ್ಯ ವಾಸಿಯಾಯಿತು. ಇನ್ನೊಂದು ಸಲ ಹೀಗಾದರೆ ಈ ಕಣ್ಣನ್ನು ಮರೆತುಬಿಡಿ ಅಂತ ಡಾಕ್ಟರು ಹೇಳಿದರು. ಮನೆಯಲ್ಲಿ ಮಗ, ಇನ್ನು ಅವ್ವನನ್ನು ಬೈಕಿಗೆ ಹತ್ತಿಸಿದರೆ ನೋಡಿ ಅಂತ ಅಪ್ಪನ ಮೇಲೆ ಕೂಗಾಡಿದ. ನನಗೂ ಫೋನ್ ಮಾಡಿದ. ನಾನು, ಆಯ್ತಪ್ಪ, ಇನ್ನು ಒಂದು ಗಾಜನ್ನೂ ಕೊಡುವುದಿಲ್ಲ ಅಂದೆ. ನಿಜ ಹೇಳುತ್ತೇನೆ, ನನಗೆ ಹಗುರವಾಯಿತು. ಪೀಡೆ ತೊಲಗಿತು ಅನ್ನುವುದಕ್ಕಿಂತ ಹೆಚ್ಚಾಗಿ, ಆ ಕಣ್ಣು ಹೋದರೆ ಅದರಲ್ಲಿ ನನ್ನ ಪಾಲೂ ಇರುತ್ತದಲ್ಲ ಅನ್ನುವ ಭಯ.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮತ್ತೆ ಬಂದರು. ನಾನು ಮುಖ ಕೊಡಲಿಲ್ಲ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುವ ತನಕ ಕೂತಿದ್ದು ಆಮೇಲೆ ಅಂದರು:

"ನೋಡು ರಾಜಣ್ಣ, ಈ ಕಣ್ಣ ಜೋಪಾನ ಮಾಡಿ ಇಟ್ಕಂಡು ನಾನು ಏನ ನೋಡ್ಲಿ? ಅದೇ ಕೊಟ್ಗೆ, ಅದೇ ಒಲೆ. ಇನ್ನೊಂದೇ ಒಂದು ಕಟ್ಕೊಡು. ಅದೂ ಆಗ್ನಿಲ್ಲ ಅಂದ್ರೆ ನಿನ್ನಂಗ್ಡಿ ಕಡೀಕೆ ತಲೆ ಆಕಾಕಿಲ್ಲ."

ಮನಸ್ಸು ಕರಗಿತೋ ಹಸಿವಾಗಿತ್ತೋ ಗೊತ್ತಿಲ್ಲ, ಒಪ್ಪಿಕೊಂಡೆ. ನನ್ನಲ್ಲಿದ್ದ ಎಲ್ಲಕ್ಕಿಂತ ಎತ್ತರದ, ಎಲ್ಲಕ್ಕಿಂತ ಅಗಲದ ಒಂದನ್ನು ಕಟ್ಟಿದೆ. ಅದರ ಹಿಂದೆ ಗೌಡರು ಕೂತರೆ ಮತ್ತೆ ಬಸ್ಸೊಳಗೆ ಕೂತ ಹಾಗಿತ್ತು. ಅವರ ಮುಖದಲ್ಲಿ ಮೊದಲ ಸಲ ಸಂತೋಷ ಕಂಡಿತು. ಹೋಗಿ ಬಂದರು. ಹೂವು ಅರ್ಧದಷ್ಟು ಉಳಿದಿತ್ತು. ಕಣ್ಣು ಸ್ವಲ್ಪ ಕೆಂಪಾಗಿತ್ತು, ನೀರು ಬರುತ್ತಿತ್ತು. "ಊಂ, ತಡ್ಕಬೌದು," ಅಂದರು ಪುಟ್ಟತಾಯಮ್ಮ. ನನಗೆ ಧೈರ್ಯ ಬರಲಿಲ್ಲ. ಆದರೆ ಅಷ್ಟರಲ್ಲಿ ಅವರು ಜೋಯಿಸರ ಹತ್ತಿರ ಹೋಗಿ ಹೊರಡುವ ದಿನವನ್ನೂ ಗಳಿಗೆಯನ್ನೂ ಕೇಳಿಕೊಂಡು ಬಂದಾಗಿತ್ತು. ಮಗನನ್ನು ಹೇಗೆ ಒಪ್ಪಿಸಿದರು ಅಂತ ನಾನು ಕೇಳಲಿಲ್ಲ. ಒಪ್ಪಿಸಿರುತ್ತಾರೆ. ನನ್ನನ್ನು ಒಪ್ಪಿಸಿದವರಿಗೆ ಅವನ್ಯಾವ ಲೆಕ್ಕ?

ಹೊರಡುವ ದಿನ ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಬುಲೆಟ್ಟು ಮುಂದೆ ನಿಂತಿತ್ತು. ಎರಡೂ ಕಡೆ ಬ್ಯಾಗು, ಮೇಲೆ ಕಂಬಳಿಯ ಸುರುಳಿ, ರೊಟ್ಟಿಯ ಬುತ್ತಿ. ಪುಟ್ಟತಾಯಮ್ಮ ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಸ್ವೆಟರ್ ಹಾಕಿಕೊಂಡು ತಲೆ ತಗ್ಗಿಸಿ ನಿಂತಿದ್ದರು. ಆ ಹೆಂಗಸು ತಲೆ ತಗ್ಗಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ವಿಂಡ್‌ಶೀಲ್ಡ್ ನೋಡಿದೆ. ಮಜ್ಜಿಗೆ ಬಳಿದ ಹಾಗೆ ಬೆಳ್ಳಗಾಗಿತ್ತು. ಆಚೆ ಕಡೆ ಏನೂ ಕಾಣುತ್ತಿರಲಿಲ್ಲ.

ನಡೆದದ್ದು ಇಷ್ಟು. ಹಿಂದಿನ ದಿನ ಗಾಡಿಗೆ ದೇವಸ್ಥಾನದ ಮುಂದೆ ಪೂಜೆ ಮಾಡಿಸಿದ್ದಾರೆ. ಪೂಜಾರಿ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಗಾಜಿಗೆ ಧಾರಾಳವಾಗಿ ಬಳಿದಿದ್ದಾನೆ. ಮನೆಗೆ ಹೋದ ಮೇಲೆ, ದೂರ ಹೋಗುವ ಗಾಡಿ ಫಳಫಳ ಅನ್ನಲಿ ಅಂತ ಈ ತಾಯಿ ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು ತೆಗೆದುಕೊಂಡು ದೇವರ ದೀಪ ಬೆಳಗಿದ ಹಾಗೆ ಬೆಳಗಿಬಿಟ್ಟಿದ್ದಾರೆ!

"ಇದೇನು ಹಿತ್ತಾಳೆ ಚೊಂಬಾ?" ಅಂತ ನಾನು ಕಿರುಚಿದ್ದು ಎದುರಿನ ಹೋಟೆಲಿನವರಿಗೆಲ್ಲ ಕೇಳಿಸಿತು. "ಇದು ಪ್ಲಾಸ್ಟಿಕ್ ಅವ್ವ, ಪ್ಲಾಸ್ಟಿಕ್! ನೀರು ಬಿಟ್ಟು ಮೆತ್ತಗಿನ ಬಟ್ಟೆಯಲ್ಲಿ ಒರೆಸಬೇಕು! ಬೂದಿ ಹಾಕ್ತಾರಾ ಯಾರಾದ್ರೂ?"

"ಬೂದೀಲಿ ಉಜ್ಜುದ್ರೆ ಒಳೀದೇ ಇರೋ ವಸ್ತುವ ನಾನು ಕಂಡೇ ಇಲ್ವಲ್ಲಪ್ಪ," ಅಂದರು, ಸಣ್ಣ ದನಿಯಲ್ಲಿ.

ಅಂಥದೇ ಇನ್ನೊಂದು ನನ್ನಲ್ಲಿರಲಿಲ್ಲ. ತರಿಸಲು ವಾರ ಬೇಕು. ಒಂದು ವಾರ ಬಿಟ್ಟು ಹೋಗಿ ಅಂದೆ. ಗಳಿಗೆ ಮೀರಿದರೆ ಆಗದು, ಇವತ್ತು ನಿಂತರೆ ಮಗ ಮತ್ತೆ ಬಿಡುವುದಿಲ್ಲ ಅಂದರು. ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ಬಂತು, ಎರಡು ಕಣ್ಣಲ್ಲೂ. ಗೌಡರು ನನ್ನ ಹತ್ತಿರ ಬಂದು, "ಏನಾರ ಮಾಡು ರಾಜಣ್ಣ," ಅಂದರು. ಅವರು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಮಾಡುವುದೇನಿತ್ತು? ಬೆಳ್ಳಗಾದ ಗಾಜಿನ ಮೂಲಕ ರಸ್ತೆ ನೋಡಲಾಗದು, ಹಾಗಾದರೆ ಅದರ ಮೇಲಿಂದ ನೋಡಬೇಕು. ಗೌಡರನ್ನು ಗಾಡಿ ಮೇಲೆ ಕೂರಿಸಿ, ಅವರ ಗದ್ದಕ್ಕಿಂತ ಒಂದಿಷ್ಟು ಕೆಳಗೆ ಗುರುತು ಹಾಕಿ, ಗರಗಸದಲ್ಲಿ ಮೇಲಿನ ಭಾಗವನ್ನೆಲ್ಲ ಕತ್ತರಿಸಿ ಎಸೆದೆ. ಅಂಚು ನಯ ಮಾಡಿ, ರಬ್ಬರ್ ಪಟ್ಟಿ ಸಿಕ್ಕಿಸಿದೆ. ಮೊಂಡಾಗಿ, ನೋಡುವುದಕ್ಕೆ ಅಸಹ್ಯವಾಗಿತ್ತು. ಎತ್ತರದ್ದೇ ಕಾಪಾಡದ ಕಣ್ಣನ್ನು ಈ ತುಂಡು ಕಾಪಾಡುವುದುಂಟೇ? "ಕಣ್ಣು ಉರಿದ್ರೆ ಎಲ್ಲಿದ್ದೀರೋ ಅಲ್ಲಿಂದ ವಾಪಸ್ ಬನ್ನಿ, ನನ್ನಾಣೆ," ಅಂದೆ. ಪುಟ್ಟತಾಯಮ್ಮ ತಲೆಯಾಡಿಸಿದರು. ವಾಪಸ್ ಬರುವ ಹೆಂಗಸಲ್ಲ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬುಲೆಟ್ಟು ಚಾಮರಾಜನಗರದ ಕಡೆ ತಿರುಗಿತು.

ಸಂಜೆ ಫೋನ್ ಬಂತು. ದಿಂಬಂ ಘಾಟಿ ಇಳಿದು ಸತ್ಯಮಂಗಲದಲ್ಲಿದ್ದೇವೆ ಅಂದರು. ಕಣ್ಣು ಹೇಗಿದೆ ಅಂತ ಕೇಳಿದೆ.

"ಕಣ್ಣು ಕಣ್ಣಂಗೇ ಅದೆ ಕಣಪ್ಪ! ಒಂದ್ ತೊಟ್ಟು ನೀರು ಬರ್ನಿಲ್ಲ. ಊವೂ ಅಂಗೇ ಅದೆ."

"ಅದ್ಹೇಗೆ ಅವ್ವ?"

"ಎಂಗೆ ಅಂದ್ರೆ? ಇಷ್ಟ್ ದಿನ ಈವಯ್ಯ ಗ್ಲಾಸಿನ ಇಂದೆ ಅವಿತ್ಕತಿದ್ದ. ನೀನು ಕುಯ್ದಾಕ್ದಲ್ಲ, ಈಗ ಅವಿತ್ಕಳಕ್ಕೆ ಜಾಗ್ವೇ ಇಲ್ಲ. ನೆಟ್ಟಗೆ ಕುಂತವ್ನೆ, ಗಾಳಿಯೆಲ್ಲ ಇವ್ನಿಗೇ!"

ಹಿಂದೆ ಗೌಡರು ನಗುತ್ತಿದ್ದದ್ದು ಕೇಳಿಸಿತು. ನಾನು ಫೋನ್ ಹಿಡಿದುಕೊಂಡು ಕೂತೇಬಿಟ್ಟೆ. ಜೀವಮಾನವಿಡೀ ಬಸ್ಸಿನ ಗಾಜಿನ ಮೂಲಕವೇ ರಸ್ತೆ ನೋಡಿದ ಮನುಷ್ಯ. ಬೈಕಿಗೆ ಯಾವ ಗಾಜು ಹಾಕಿದರೂ ಬೆನ್ನು ಬಗ್ಗಿಸಿ ಅದರ ಹಿಂದಕ್ಕೆ ತಲೆ ತಂದುಕೊಂಡು ಓಡಿಸುತ್ತಿದ್ದರು. ಗಾಳಿ ಅವರನ್ನು ದಾಟಿ ನೇರ ಹೆಂಡತಿಯ ಮುಖಕ್ಕೆ ಬೀಳುತ್ತಿತ್ತು. ಈಗ ಬಗ್ಗಿದರೆ ಬೆಳ್ಳಗಾದ ಗಾಜಿನಲ್ಲಿ ರಸ್ತೆಯೇ ಕಾಣದು. ನಾನು ಅಳತೆ ನೋಡುವಾಗಲೆಲ್ಲ ಗಾಡಿ ನಿಂತಿರುತ್ತಿತ್ತು, ನಿಂತ ಗಾಡಿಯ ಮೇಲೆ ಅವರು ನೆಟ್ಟಗೇ ಕೂರುತ್ತಿದ್ದರು. ರಸ್ತೆಯಲ್ಲಿ ಹೇಗೆ ಕೂರುತ್ತಾರೆ ಅಂತ ಯಾರು ನೋಡಿದವರು? ಅಷ್ಟೊಂದು ಗಾಜು, ಅಷ್ಟೊಂದು ಹೂವು, ಅಷ್ಟೊಂದು ಬೈಗುಳ! ಗಂಡ ನೆಟ್ಟಗೆ ಕೂತಿದ್ದರೆ ಸಾಕಿತ್ತು.

ರಾಮೇಶ್ವರ ನೋಡಿ, ಅದರಾಚೆ ಭೂಮಿ ಮುಗಿಯುವ ತನಕವೂ ಹೋಗಿ, ಇಬ್ಬರೂ ಕಪ್ಪಗಾಗಿ ಬಂದರು. "ನಿಂಗೇನೂ ತರ್ನಿಲ್ಲ ಕಣಪ್ಪ," ಅಂದರು ಪುಟ್ಟತಾಯಮ್ಮ, "ನೀನೇ ಓಗಿ ನೋಡು. ಅಂಗ್ಡಿ ಎಲ್ಲಿಗೋದದು?" ಮುಂದೆ ಗೋಕರ್ಣಕ್ಕೆ ಹೋದರು, ಮಂತ್ರಾಲಯಕ್ಕೆ ಹೋದರು. ಹೋಗುವಾಗ ಒಮ್ಮೆ, ಬಂದ ಮೇಲೊಮ್ಮೆ ಅಂಗಡಿ ಮುಂದೆ ನಿಲ್ಲಿಸುವರು. ಎಲ್ಲಿ ಮಳೆ ಹಿಡಿಯಿತು, ಎಲ್ಲಿ ಚಹಾ ಚೆನ್ನಾಗಿತ್ತು, ಯಾವ ಊರಿನ ಹೆಂಗಸರು ಯಾವ ಕಡೆಗೆ ಸೆರಗು ಹಾಕುತ್ತಾರೆ ಎಲ್ಲ ವರದಿ ಒಪ್ಪಿಸುವರು. ನಾನು ಯಾರದೋ ಬೈಕಿಗೆ ಯಾವುದೋ ನಟ್ಟು ಬಿಗಿಯುತ್ತಾ ಹೂಂ ಅನ್ನುತ್ತಿದ್ದೆ. ಊಟಿ ರಸ್ತೆಯಲ್ಲಿ ಇಷ್ಟು ವರ್ಷ ಕೂತಿದ್ದೇನೆ, ಊಟಿಗೂ ನಾನು ಹೋಗಿದ್ದು ಮದುವೆಯಾದಾಗಲೇ.

ಆಮೇಲೆ ಮಾದೇಗೌಡರು ಹೋದರು. ಹಾಲು ಕರೆದು ಬಂದು ಜಗಲಿಯ ಮೇಲೆ ಕೂತವರು ಏಳಲಿಲ್ಲ. ಮಣ್ಣಿಗೆ ನಾನೂ ಹೋಗಿದ್ದೆ. ಮನೆ ತುಂಬ ಜನ. ಪುಟ್ಟತಾಯಮ್ಮನ ಹತ್ತಿರ ಹೋಗಲು ಸಾಧ್ಯವಾಗಲಿಲ್ಲ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಅದಾಗಿ ಕೆಲವು ತಿಂಗಳ ಮೇಲೆ. ಬಿಸಿಲೇರಿದ ಹೊತ್ತಿನಲ್ಲಿ ಬಸ್‌ಸ್ಟ್ಯಾಂಡಿನ ಕಡೆಯಿಂದ ಗೋಡೆ ಹಿಡಿದುಕೊಂಡು ನಡೆದು ಬಂದರು. ಮುಖ ಬಿಳಿಚಿತ್ತು, ಸೆರಗಿನ ತುದಿ ಒದ್ದೆಯಾಗಿತ್ತು, ಕೈಯಲ್ಲಿ ಮೂಸಿ ಮೂಸಿ ಬಾಡಿದ ನಿಂಬೆಹಣ್ಣಿತ್ತು.

"ಬಸ್ಸಲ್ಲಿ ಬಂದ್ರಾ ಅವ್ವ?"

"ಮತ್ತೇನು, ಆರ್ಕಂಡ್ ಬರ್ಲಾ?"

ನೀರು ಕೊಟ್ಟೆ. ಮಗ ಕರೆದುಕೊಂಡು ಬರುತ್ತಿರಲಿಲ್ಲವೇ ಅಂತ ಕೇಳಿದೆ.

"ಬತ್ತೀನಿ ಅಂದ ಪಾಪ. ನಾನೇ ಬ್ಯಾಡ ಅಂದೆ. ಅವ್ನು ಇಲ್ಲಿಗೆ ಅಂದ್ರೆ ಇಲ್ಲೀಗಂಟ ಬಂದು ತಿರುಗ್ಸ್‌ಬುಡ್ತಾನೆ."

ಬುಲೆಟ್ಟು ಮಾರಿಕೊಡು ಅಂತ ಹೇಳಲು ಬಂದಿದ್ದರು. ಮನೆ ಮುಂದೆ ಸುಮ್ಮನೆ ನಿಂತಿರುವುದನ್ನು ದಿನಾ ನೋಡಲಾಗುವುದಿಲ್ಲ ಅಂದರು. "ದೂರ ಓಗೋನ್ಗೆ ಕೊಡು. ಡೈರಿಗೆ ಆಲು ಆಕಕ್ಕೆ ಓಗೋನ್ಗೆ ಬ್ಯಾಡ." ಆಯ್ತು ಅಂದೆ. ನೆಲ ನೋಡುತ್ತಾ ಅಂದರು: "ತಗೊಳೋನು ಒಬ್ನೇ ಓಗೋನಾದ್ರೆ ಒಂದ್ ಮಾತು ಕೇಳ್ನೋಡು ರಾಜಣ್ಣ. ಇಂದ್ಲ ಸೀಟು ಕಾಲಿ ಇರ್ತದಲ್ಲ."

ತಮಾಷೆಗೆ ಅಂದರೋ ನಿಜವಾಗಿ ಅಂದರೋ ತಿಳಿಯಲಿಲ್ಲ. ಏನೋ ಹುಡುಕುವವನ ಹಾಗೆ ಒಳಗೆ ಹೋಗಿ ನಿಂತು ಬಂದೆ.

ಹದಿನಾರಿನ ಕಡೆ ಬಸ್ಸು ಹೋಯಿತು. ಅವರು ಏಳಲಿಲ್ಲ. ಮತ್ತೊಂದು ಹೋಯಿತು. ನಿಂಬೆಹಣ್ಣನ್ನು ಕೈಯಲ್ಲಿ ತಿರುಗಿಸುತ್ತಾ ಕೂತೇ ಇದ್ದರು. ಅಂಗಡಿಯ ಬಾಗಿಲು ಎಳೆದೆ. "ಏಳಿ ಅವ್ವ, ನಾನೇ ಬಿಟ್ಟುಬರ್ತೀನಿ," ಅಂದೆ. ನನ್ನದು ಅಂಗಡಿಗೂ ಮನೆಗೂ ಓಡಾಡುವ ಸಣ್ಣ ಗಾಡಿ. ಮುಂದೆ ಗಾಜು ಏನೂ ಇಲ್ಲ. ಅದನ್ನು ನೋಡಿ ಅವರು ಏನಾದರೂ ಅಂದಾರು ಅಂದುಕೊಂಡೆ. ಸೆರಗು ಬಿಗಿದುಕೊಂಡು ಹತ್ತಿ ಕೂತರು. ನಾನು ಎಷ್ಟು ನೆಟ್ಟಗೆ ಕೂರಲು ಸಾಧ್ಯವೋ ಅಷ್ಟು ನೆಟ್ಟಗೆ ಕೂತು, ನಿಧಾನವಾಗಿ ಓಡಿಸಿದೆ.

ಹದಿನಾರಿನ ತಿರುವು ಬಂತು. ಇಂಡಿಕೇಟರ್ ಹಾಕಿದೆ. ಭುಜದ ಮೇಲೆ ಕೈ ಬಿತ್ತು. "ವಸಿ ಮುಂದಕ್ಕೋಗು," ಅಂದರು. ಹೋದೆ. ಒಂದು ಊರು ದಾಟಿತು, ಇನ್ನೊಂದು ದಾಟಿತು. ಎಲ್ಲಿಗವ್ವ ಅಂತ ಕೇಳಿದೆ. "ಇನ್ನೊಸಿ," ಅಂದರು. ತಿ. ನರಸೀಪುರ ಬಂತು. ಜೇಬಿನಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು, ಯಾರೋ ಗಿರಾಕಿ ಅಂಗಡಿ ಮುಂದೆ ನಿಂತಿರಬೇಕು. ಮಂಡಿ ನೋಯಲು ಶುರುವಾಗಿತ್ತು. ತವರಿಗೆ ಹೋಗಬೇಕೇನೋ ಅಂದುಕೊಂಡು ಹೊಳೆಯ ಸೇತುವೆ ದಾಟಿಸಿ ಸೋಸಲೆಯ ಹತ್ತಿರ ಗಾಡಿ ನಿಧಾನ ಮಾಡಿದೆ.

"ಇಲ್ಲಲ್ಲ ಕಣಪ್ಪ. ಇಲ್ಲಿ ಯಾರವ್ರೆ ಈಗ? ಇನ್ನೊಸಿ ದೂರ."

ಹಿಂದೆ ಅವರು ಅಳುತ್ತಿದ್ದರೋ, ಬರಿಗಾಳಿಗೆ ಕಣ್ಣು ನೀರಾಡುತ್ತಿತ್ತೋ ನನಗೆ ಕಾಣಲಿಲ್ಲ. ಅವರ ಉಸಿರು ಮಾತ್ರ ನನ್ನ ಬೆನ್ನಿಗೆ ಬಿಸಿಯಾಗಿ ತಗಲುತ್ತಿತ್ತು. ಸೋಸಲೆ ಹಿಂದೆ ಬಿತ್ತು. ಬಿಸಿಲು ಇಳಿಯುತ್ತಿತ್ತು, ಪೆಟ್ರೋಲಿನ ಮುಳ್ಳೂ ಇಳಿಯುತ್ತಿತ್ತು. ಕಾಲು ಮರಗಟ್ಟಿ ಬ್ರೇಕ್ ಒತ್ತಲಾಗದ ಹಾಗಾದಾಗ ಹುಣಸೆಮರವೊಂದರ ಕೆಳಗೆ ನಿಲ್ಲಿಸಿದೆ. ಅವರು ಇಳಿಯಲಿಲ್ಲ. ನಾನೂ ಇಳಿಯಲಿಲ್ಲ.

"ಅವ್ವ, ಇನ್ನೂ ಹೋಗೋಣ್ವಾ?" ಅಂದೆ.

ಅವರು ಗದ್ದೆಗಳ ನಡುವೆ ರಸ್ತೆ ಹೋಗಿದ್ದ ಕಡೆಗೇ ನೋಡುತ್ತಾ ಕೂತಿದ್ದರು.

"ನಂಗೆ ಎಷ್ಟು ದೂರಾದ್ರೂ ಸಾಲ್ದು ಕಣಪ್ಪ," ಅಂದರು. "ನಿಂಗೆ ದಣಿವಾಗ್ಬುಟ್ಟದೆ. ತಿರುಗ್ಸು."

ನಾನು ತಿರುಗಿಸಿದೆ.